ಕೇಳಿ ತಿಳಿಯೋಣ: ವಿಶ್ವದಲ್ಲಿ ಹೆಚ್ಚಾಗಿ ಇರುವುದೇನು?

ಪ್ರಶ್ನೆ: ವಿಶ್ವದಲ್ಲಿ ಹೈಡ್ರೋಜನ್ನೇ ಹೆಚ್ಚು ಎಂದು ಪಠ್ಯದಲ್ಲಿದೆ. ಡಾರ್ಕ್ ಎನರ್ಜಿ ಹೆಚ್ಚು ಎಂದು ಪತ್ರಿಕೆಯಲ್ಲಿ ಓದಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ? — ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಪ್ರಶ್ನೆಯಲ್ಲಿ ‘ಮೂಲವಸ್ತು’ ಎಂದಿದ್ದರೆ ಹೈಡ್ರೋಜನ್ ಎಂದೇ ಬರೆಯಿರಿ. ಪರಮಾಣುಗಳಿಂದಾದ ವಸ್ತುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಹೈಡ್ರೋಜನ್. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಹೀಲಿಯಂ. ಆಮ್ಲಜನಕ, ಇಂಗಾಲ, ಕಬ್ಬಿಣ ಎಲ್ಲ ಸೇರಿದರೂ ಶೇ 2ರ ಆಸುಪಾಸು. ಆದರೆ ಪರಮಾಣುಗಳ ಒಟ್ಟು ಪಾಲೇ ವಿಶ್ವದಲ್ಲಿ ಶೇ 5 ಮಾತ್ರ. ಪ್ಲಾಂಕ್ ಉಪಗ್ರಹದ ಅಳತೆಗಳಿಂದ 2018ರಲ್ಲಿ ಬಂದ ಲೆಕ್ಕದಂತೆ ಡಾರ್ಕ್ ಎನರ್ಜಿ (ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ, ಇನ್ನೂ ಅರ್ಥವಾಗದ ಶಕ್ತಿ) ಸುಮಾರು ಶೇ 68, ಡಾರ್ಕ್ ಮ್ಯಾಟರ್ (ಗುರುತ್ವದಿಂದಷ್ಟೇ ಗೊತ್ತಾಗುವ ಕಾಣದ ದ್ರವ್ಯ) ಶೇ 27.

ಮಹಡಿ ಮೇಲಿನ ಸಾವಿರ ಲೀಟರ್ ಟ್ಯಾಂಕ್ ನೋಡಿ, ಅದರೊಳಗಿನ ಜಾಗ ಒಂದು ಘನ ಮೀಟರ್. ಇಡೀ ವಿಶ್ವದ ಸರಕನ್ನು ಸಮನಾಗಿ ಹರಡಿದರೆ ಅಂಥ ಒಂದು ಟ್ಯಾಂಕಿಗೆ ಬರುವುದು ಐದು ಪ್ರೋಟಾನ್‌ಗಳ ತೂಕದಷ್ಟು. ಅದರಲ್ಲಿ ಡಾರ್ಕ್ ಎನರ್ಜಿ ಮೂರೂವರೆ, ಡಾರ್ಕ್ ಮ್ಯಾಟರ್ ಒಂದೂಕಾಲಿಗಿಂತ ತುಸು ಹೆಚ್ಚು. ನಮ್ಮ ನಿಮ್ಮಂಥ ಪರಮಾಣು ವಸ್ತು ಬರೀ ಕಾಲು, ಅಂದರೆ ನಾಲ್ಕು ಟ್ಯಾಂಕಿಗೆ ಒಂದು ಹೈಡ್ರೋಜನ್ ಪರಮಾಣು. ವಿಶ್ವ ಹಿಗ್ಗಿದಂತೆ ವಸ್ತು ತೆಳುವಾಗುತ್ತ ಹೋಗುತ್ತದೆ. ಡಾರ್ಕ್ ಎನರ್ಜಿ ಮಾತ್ರ ಟ್ಯಾಂಕಿಗೆ ಇಷ್ಟೆಂದು ಹಾಗೇ ಉಳಿದಂತೆ ಕಾಣುತ್ತದೆ, ಅದರ ಪಾಲು ಇಷ್ಟು ದೊಡ್ಡದಾದದ್ದು ಅದರಿಂದಲೇ.

ಪ್ರಶ್ನೆ: ಕಣ್ಣಿಗೆ ಕಾಣದ್ದನ್ನು ತೂಗಿದ್ದು ಹೇಗೆ? ನಾವೂ ಲೆಕ್ಕ ಮಾಡಬಹುದೇ? — ಪ್ರೌಢಶಾಲಾ ಶಿಕ್ಷಕರು, ಗದಗ

ಉತ್ತರ: ಖಂಡಿತ ಮಾಡಬಹುದು, ತರಗತಿಯಲ್ಲಿ ಮಾಡಿಸಿಯೇ ನೋಡಿ. ಸುತ್ತುವ ವಸ್ತುವಿನ ವೇಗದ ವರ್ಗವನ್ನು ಕೇಂದ್ರದಿಂದ ಅದರ ದೂರಕ್ಕೆ ಗುಣಿಸಿ, ಗುರುತ್ವ ಸ್ಥಿರಾಂಕದಿಂದ (6.67×10⁻¹¹) ಭಾಗಿಸಿ. ಕಕ್ಷೆಯ ಒಳಗಿರುವ ಒಟ್ಟು ರಾಶಿ ಸಿಗುತ್ತದೆ. ಮೊದಲು ಭೂಮಿಯಿಂದ ಶುರುಮಾಡಿ: ವೇಗ ಸೆಕೆಂಡಿಗೆ 29,800 ಮೀಟರ್, ದೂರ 1.5×10¹¹ ಮೀಟರ್. ಸೂರ್ಯನ ರಾಶಿ 2×10³⁰ ಕೆಜಿ ಎಂದು ಬರಬೇಕು. ಮಕ್ಕಳು ಎಡವುವುದು ಏಕಮಾನದಲ್ಲಿ. ವೇಗವನ್ನು ಕಿಲೋಮೀಟರಿನಲ್ಲೇ ಬಿಟ್ಟರೆ ವರ್ಗ ಮಾಡುವಾಗ ಉತ್ತರ ಹತ್ತು ಲಕ್ಷ ಪಟ್ಟು ಕಡಿಮೆಯಾಗುತ್ತದೆ.

ಈಗ ನೆಪ್ಚೂನ್. ಅದು ಭೂಮಿಗಿಂತ 30 ಪಟ್ಟು ದೂರ, ವೇಗ 5.4 ಕಿಮೀ. ಉತ್ತರ ಮತ್ತೆ ಅದೇ ಸೂರ್ಯ! ರಾಶಿಯೆಲ್ಲ ನಡುವೆಯೇ ಇದ್ದರೆ ದೂರ ಹೋದಂತೆ ವೇಗ ಹೀಗೆ ಇಳಿಯಲೇಬೇಕು.

1970ರಲ್ಲಿ ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ ಬಿಸಿ ಅನಿಲದ ಮೋಡಗಳ ವೇಗ ಅಳೆದರು. ಅಲ್ಲಿ ಬೆಳಕು ಹೊರಗೆ ಹೋದಂತೆ ಕುಂದುತ್ತಿತ್ತು, ವೇಗ ಮಾತ್ರ ದೂರದ ಅಂಚಿನಲ್ಲೂ ಸೆಕೆಂಡಿಗೆ 200 ಕಿಮೀ ಆಸುಪಾಸಿನಲ್ಲೇ ಇತ್ತು. ವೇಗ ಇಳಿಯದಿದ್ದರೆ ನಿಮ್ಮ ಸೂತ್ರದಲ್ಲಿ ದೂರ ಇಮ್ಮಡಿಯಾದಾಗ ರಾಶಿಯೂ ಇಮ್ಮಡಿಯಾಗುತ್ತದೆ. ನಕ್ಷತ್ರಗಳೇ ವಿರಳವಾದ ಕಡೆ ಆ ತೂಕ ಎಲ್ಲಿಂದ ಬಂತು? ಅದೇ ಡಾರ್ಕ್ ಮ್ಯಾಟರ್. ‘ಕಪ್ಪು ದ್ರವ್ಯ’ ಎಂಬ ಅನುವಾದ ದಾರಿ ತಪ್ಪಿಸುತ್ತದೆ. ಕಪ್ಪಾಗಿದ್ದರೆ ಬೆಳಕನ್ನು ತಡೆಯುತ್ತಿತ್ತು. ಇದರೊಳಗೆ ಬೆಳಕು ಸಲೀಸಾಗಿ ಹಾದುಹೋಗುತ್ತದೆ. ‘ಕಾಣದ ದ್ರವ್ಯ’ ಎನ್ನುವುದೇ ಮೇಲು.

ಪ್ರಶ್ನೆ: ಅದು ಕಪ್ಪುಕುಳಿಗಳೇ ಇರಬಹುದಲ್ಲವೇ? — ಓದುಗರು, ಉಡುಪಿ

ಉತ್ತರ: ನಕ್ಷತ್ರಗಳ ತೂಕದ ಕಪ್ಪುಕುಳಿಗಳಾದರೆ ಬಹುಪಾಲು ಅಲ್ಲ. ಅಂಥದ್ದು ದೂರದ ನಕ್ಷತ್ರದ ಮುಂದೆ ಹಾದರೆ ಅದರ ಗುರುತ್ವ ಮಸೂರದಂತೆ ವರ್ತಿಸಿ ಆ ನಕ್ಷತ್ರ ಕೆಲ ಕಾಲ ಹೆಚ್ಚು ಹೊಳೆಯುತ್ತದೆ. 1990ರ ದಶಕದಿಂದ ಲಕ್ಷಾಂತರ ನಕ್ಷತ್ರಗಳನ್ನು ಕಾದು ನೋಡಿದ್ದಾರೆ. ಸಿಕ್ಕ ಹೊಳಪುಗಳು ಲೆಕ್ಕಕ್ಕೆ ಸಾಲವು.

ಪ್ರಶ್ನೆ: ಡಾರ್ಕ್ ಮ್ಯಾಟರ್ ನಮ್ಮ ಕೋಣೆಯಲ್ಲೂ ಇದೆಯೇ? ಇದ್ದರೆ ಹಿಡಿಯಲು ಏನು ಕಷ್ಟ? — ಕನ್ನಡಿಗ ಓದುಗರು, ಪುಣೆ

ಉತ್ತರ: ಇದೆ. ನಮ್ಮ ಗೆಲಾಕ್ಸಿಯ ಈ ಭಾಗದಲ್ಲಿ ಒಂದು ಘನ ಸೆಂಟಿಮೀಟರಿಗೆ ಪ್ರೋಟಾನ್ ತೂಕದ ಮೂರನೇ ಒಂದು ಪಾಲಿನಷ್ಟು ಡಾರ್ಕ್ ಮ್ಯಾಟರ್ ಇದೆ ಎಂಬುದು ಅಂದಾಜು. ಸಾಧಾರಣ ಕೋಣೆಗೆ ಒಂದು ಕೋಟಿ ಪ್ರೋಟಾನ್ ತೂಕ. ಇಡೀ ಭೂಗೋಳದ ಗಾತ್ರದೊಳಗೆ ಯಾವುದೇ ಕ್ಷಣದಲ್ಲಿ ಇರುವುದು ಸುಮಾರು ಅರ್ಧ ಕೆಜಿ!

ಹಿಡಿಯಲು ಅಡ್ಡಿ ಬರುವುದು ಬೇರೆ ಕಣಗಳ ಗದ್ದಲ. ಆಕಾಶದಿಂದ ಸುರಿಯುವ ವಿಶ್ವಕಿರಣಗಳನ್ನು ತಪ್ಪಿಸಲು ನೆಲದಾಳಕ್ಕೆ ಇಳಿಯಬೇಕು. ನಮ್ಮ ಕೋಲಾರದ ಚಿನ್ನದ ಗಣಿಯಾಳದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಪತ್ತೆಹಚ್ಚಿದ್ದೂ ಇದೇ ಉಪಾಯದಿಂದ. ಅಮೆರಿಕದ ಸೌತ್ ಡಕೋಟಾದ ಹಳೆಯ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿಮೀ ಆಳದಲ್ಲಿ, ಲಕ್ಸ್-ಜೆಪ್ಲಿನ್ ಉಪಕರಣ 7 ಟನ್ ದ್ರವ ಕ್ಸೆನಾನನ್ನು ಇಟ್ಟುಕೊಂಡು ಕಾಯುತ್ತಿದೆ. ಡಾರ್ಕ್ ಮ್ಯಾಟರ್ ಕಣ ಕ್ಸೆನಾನ್ ಪರಮಾಣುವಿಗೆ ಬಡಿದರೆ ಒಂದು ಮಿಂಚು ಕಾಣಬೇಕು. ಆದರೆ ಪಾತ್ರೆಯ ಲೋಹದಲ್ಲಿನ ವಿಕಿರಣದ ಲವಲೇಶವೂ, ರೇಡಾನ್ ಅನಿಲವೂ ಅಂಥದ್ದೇ ಮಿಂಚು ಕೊಡುತ್ತವೆ. ಅವನ್ನು ಬೇರ್ಪಡಿಸುವುದೇ ದೊಡ್ಡ ಕೆಲಸ. ಈವರೆಗೆ ಡಾರ್ಕ್ ಮ್ಯಾಟರ್ ಎಂದು ಖಚಿತವಾಗಿ ಹೇಳುವಂಥ ಮಿಂಚು ಸಿಕ್ಕಿಲ್ಲ.

ಪ್ರಶ್ನೆ: ಶರಾವತಿ ಹಿನ್ನೀರಿನಲ್ಲಿ ಆಂಟೆನಾ ತೇಲಿಬಿಟ್ಟು ಏನು ಹುಡುಕಿದರು? — ಓದುಗರು, ಸಾಗರ

ಉತ್ತರ: ಅದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರೇಡಿಯೊ ದೂರದರ್ಶಕ ‘ಸರಸ್-3’. ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಗುರುತನ್ನು ಕಂಡೆವೆಂದು ಪಶ್ಚಿಮ ಆಸ್ಟ್ರೇಲಿಯಾದ ‘ಎಡ್ಜಸ್’ ತಂಡ 2018ರಲ್ಲಿ ಹೇಳಿತ್ತು. 78 ಮೆಗಾಹರ್ಟ್ಸ್ ಬಳಿ ರೇಡಿಯೊ ಅಲೆಗಳ ಬಲದಲ್ಲಿ (ಅದನ್ನು ತಾಪಮಾನದಂತೆ ಡಿಗ್ರಿಯಲ್ಲಿ ಹೇಳುತ್ತಾರೆ) ಅರ್ಧ ಡಿಗ್ರಿಯ ಒಂದು ತಗ್ಗು. ಅದು ನಿರೀಕ್ಷೆಗಿಂತ ಎರಡು ಪಟ್ಟಿಗೂ ಆಳವಾಗಿತ್ತು. ಡಾರ್ಕ್ ಮ್ಯಾಟರ್ ಆ ಹೈಡ್ರೋಜನ್ನನ್ನು ತಂಪು ಮಾಡಿರಬಹುದು ಎಂದು ಕೆಲವರು ವಾದಿಸಿದರು. ನಿಜವಾಗಿದ್ದರೆ ದೊಡ್ಡ ಸುಳಿವು.

ನಮ್ಮ ಗೆಲಾಕ್ಸಿಯದೇ ರೇಡಿಯೊ ಸದ್ದು ಅಲ್ಲಿ ಸಾವಿರಾರು ಡಿಗ್ರಿ, ಅದರೊಳಗಿಂದ ಅರ್ಧ ಡಿಗ್ರಿ ಹೆಕ್ಕಬೇಕು. ಆಂಟೆನಾ ನೆಲದ ಮೇಲಿದ್ದರೆ ಮಣ್ಣಿನ ಪದರ, ಕಲ್ಲು, ತೇವಗಳಿಂದ ಮರಳುವ ಅಲೆಗಳು ಸುಳ್ಳು ಏರಿಳಿತ ಹುಟ್ಟಿಸುತ್ತವೆ. ಆಳವಾದ ನೀರು ಎಲ್ಲ ಕಡೆ ಒಂದೇ ತೆರ. 88 ಮೆಗಾಹರ್ಟ್ಸ್‌ನಿಂದ ಶುರುವಾಗುವ ಎಫ್‌ಎಂ ಕೇಂದ್ರಗಳ ಕಾಟ ತಪ್ಪಿಸಲು ಊರಿನಿಂದ ದೂರವೂ ಬೇಕಿತ್ತು. ಹೀಗಾಗಿ 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನಲ್ಲಿ ಅಳೆದರು. ಆ ತಗ್ಗು ಅಲ್ಲಿ ಕಾಣಲಿಲ್ಲ. ಎಡ್ಜಸ್ ಹೇಳಿದ ಆಕಾರದ ತಗ್ಗನ್ನು ಶೇ 95.3ರ ಭರವಸೆಯಲ್ಲಿ ತಳ್ಳಿಹಾಕುವ ಫಲಿತಾಂಶ 2022ರಲ್ಲಿ ಪ್ರಕಟವಾಯಿತು.