ಸತ್ತ ಡಾಲ್ಫಿನ್ನಿಗೆ ಟೇಪು ಹಿಡಿದು ಏನು ಉಪಯೋಗ?

ನಿಮ್ಮ ಪ್ರಶ್ನೆ ಇಷ್ಟು: ಊರ ದಂಡೆಗೆ ಡಾಲ್ಫಿನ್ ಕಳೇಬರ ಬಂದು ಬಿದ್ದಿತ್ತು. ಯಾರೋ ಇಬ್ಬರು ಬಂದು ಟೇಪು ಹಿಡಿದು ಅಳೆದರು, ಹಲ್ಲು ಕಿತ್ತರು, ಹೊಟ್ಟೆ ಸೀಳಿದರು, ಹೂಳಿಸಿ ಹೋದರು. ಸತ್ತ ಮೇಲೆ ಇದೆಲ್ಲ ಏಕೆ, ಇದೇ ಶ್ರಮವನ್ನು ಬದುಕಿರುವವನ್ನು ಉಳಿಸಲು ಹಾಕಬಾರದೇ?

ಹಾಗೆ ಟೇಪು ಹಿಡಿದವರಲ್ಲಿ ನಾನೂ ಒಬ್ಬಳು. ನಿಮ್ಮೂರಿನಲ್ಲಲ್ಲ, ಕುಮಟಾ–ಹೊನ್ನಾವರದ ನಡುವಿನ ದಂಡೆಗಳಲ್ಲಿ, ಎರಡು ವರ್ಷ, ಬೇರೆಯವರ ಅಧ್ಯಯನಕ್ಕೆ ಸಹಾಯಕಿಯಾಗಿ. ಆದ್ದರಿಂದ ಉತ್ತರ ಹೇಳುವ ಋಣ ನನ್ನ ಮೇಲಿದೆ.

ಮೊದಲು ನನ್ನದೊಂದು ಪ್ರಶ್ನೆ. ನೀವು ಕಂಡದ್ದರ ಬೆನ್ನ ಮೇಲೆ ರೆಕ್ಕೆ ಇತ್ತೇ? ಇಲ್ಲದಿದ್ದರೆ, ಮೂತಿಯೂ ಕೊಕ್ಕಿನಂತೆ ಚಾಚದೆ ದುಂಡಗಿದ್ದರೆ, ಅದು ಡಾಲ್ಫಿನ್ ಅಲ್ಲ, ಫಿನ್‌ಲೆಸ್ ಪೋರ್ಪಾಯ್ಸ್. ಬಾಯಿ ಬಿಡಿಸಿ ನೋಡಿದರೆ ಅನುಮಾನವೇ ಉಳಿಯದು: ಡಾಲ್ಫಿನ್ನಿನ ಹಲ್ಲು ಮೊನಚು, ಇದರದು ಪುಟ್ಟ ಗುದ್ದಲಿಯ ಅಲಗಿನಂತೆ ಚಪ್ಪಟೆ. ಬದುಕಿದ್ದಾಗ ಬೂದು ಬಣ್ಣ. ಸತ್ತು ಸ್ವಲ್ಪ ಹೊತ್ತಿಗೆಲ್ಲ ಕಪ್ಪಾಗುತ್ತದೆ.

ಈ ವ್ಯತ್ಯಾಸದಲ್ಲೇ ಅರ್ಧ ಉತ್ತರವಿದೆ. ನಮ್ಮ ಅಳಿವೆಗಳ ಬಾಯಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್ ಅನ್ನು ಬದುಕಿದ್ದಾಗಲೇ ಅಭ್ಯಾಸ ಮಾಡಬಹುದು. ಬೆನ್ನುರೆಕ್ಕೆಯ ಅಂಚಿನ ಕಚ್ಚು, ಗೀರು, ಮಚ್ಚೆ ಒಂದರದು ಇನ್ನೊಂದಕ್ಕಿರುವುದಿಲ್ಲ. ದೋಣಿಯಿಂದ ಫೋಟೊ ತೆಗೆದು, ವರ್ಷಗಟ್ಟಲೆ ಒಂದಕ್ಕೊಂದು ತಾಳೆ ನೋಡುತ್ತ ಹೋದರೆ ಯಾವುದು ಎಲ್ಲಿ ಓಡಾಡುತ್ತಿದೆ, ಯಾವುದರ ಜೊತೆಗೆ ಮರಿ ಇದೆ ಎಂದು ತಿಳಿಯುತ್ತದೆ. ಪೋರ್ಪಾಯ್ಸ್ ಈ ಉಪಕಾರ ಮಾಡುವುದಿಲ್ಲ. ಗುರುತು ಹಿಡಿಯಲು ರೆಕ್ಕೆಯೇ ಇಲ್ಲ. ನೆಗೆಯುವುದಿಲ್ಲ, ದೋಣಿಯ ಜೊತೆ ಆಟಕ್ಕೆ ಬರುವುದಿಲ್ಲ. ಉಸಿರಿಗೆ ಒಮ್ಮೆ ಮೇಲೆ ಬಂದು, ಅದು ಅಲೆಯೋ ಬೆನ್ನೋ ಎಂದು ನಾವು ವಾದಿಸುವಷ್ಟರಲ್ಲಿ ಮಾಯ. ಆ ಎರಡು ವರ್ಷಗಳಲ್ಲಿ ನಾನು ಕೈಯಾರೆ ಮುಟ್ಟಿ, ಕಣ್ತುಂಬ ನೋಡಿದ ಪೋರ್ಪಾಯ್ಸ್‌ಗಳೆಲ್ಲ ಸತ್ತವೇ.

ಧಾರೇಶ್ವರದ ದಂಡೆಯಲ್ಲಿ ಒಂದು ಮುಂಜಾನೆ ಸಿಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೆಣ್ಣು, ಕಣ್ಣಂದಾಜಿಗೆ ಒಂದೂವರೆ ಮೀಟರಿಗೆ ತುಸು ಕಡಿಮೆ. ಉದ್ದವನ್ನು ಮೈಯ ಉಬ್ಬಿನ ಮೇಲೆ ಟೇಪು ಎಳೆದು ಅಳೆಯುವುದಿಲ್ಲ. ಮೂತಿಯ ತುದಿಯಿಂದ ಬಾಲದ ನಡುವಿನ ಕಚ್ಚಿನವರೆಗೆ, ಪಕ್ಕದ ಮರಳಿನ ಮೇಲೆ ನೇರವಾಗಿ ಅಳೆಯಬೇಕು. ಅವತ್ತು ಅದಕ್ಕೂ ದಾರಿಯಿರಲಿಲ್ಲ, ಬಾಲವೇ ಇರಲಿಲ್ಲ. ಕೊಳೆತು ಉದುರಿದ್ದಲ್ಲ, ಕತ್ತಿಯಿಂದ ಕಡಿದದ್ದು. ಕೈರೆಕ್ಕೆಯ ಮುಂದಿನ ಅಂಚಿನಲ್ಲಿ, ಮೂತಿಯ ಸುತ್ತ, ದಾರ ಬಿಗಿದಂತೆ ಸಣ್ಣ ಸಣ್ಣ ಗೆರೆಗಳು. ನೈಲಾನ್ ಕಂತುಬಲೆಯ ಬರವಣಿಗೆ ಅದು. ಒಮ್ಮೆ ಓದಲು ಕಲಿತರೆ ಮರೆಯುವುದಿಲ್ಲ. ಮೀನಿನಂತೆ ಕಿವಿರಿದ್ದರೆ ಬಲೆಯಲ್ಲೂ ಕೆಲಹೊತ್ತು ಬದುಕುತ್ತಿತ್ತೇನೋ. ಇದಕ್ಕೆ ಇರುವುದು ಶ್ವಾಸಕೋಶ, ಮೇಲೆ ಬರಲಾಗದಿದ್ದರೆ ಮುಗಿಯಿತು.

ಪಕ್ಕದಲ್ಲಿ ನಿಂತಿದ್ದ ಹಿರಿಯ ಮೀನುಗಾರರೊಬ್ಬರು ನಾನು ಬರೆದುಕೊಳ್ಳುವುದನ್ನೇ ನೋಡುತ್ತಿದ್ದರು. “ಸಿಕ್ಕಿಕೊಂಡರೆ ಬಾಲಕ್ಕೇ ಬಲೆ ಸುತ್ತಿರುತ್ತದೆ ತಂಗಿ. ಬಲೆ ಹರಿಯುವುದೋ, ಬಾಲ ಕಡಿಯುವುದೋ? ಅದು ಹೇಗೂ ಸತ್ತಿದೆ, ಬಲೆಯ ಸಾಲ ಇನ್ನೂ ತೀರಿಲ್ಲ” ಎಂದರು. ತಿಳಿಸಿದರೆ ನಮಗೂ ಲೆಕ್ಕ ಸಿಗುತ್ತಿತ್ತಲ್ಲ ಎಂದೆ. “ತಿಳಿಸಿ ಕೇಸು ಹಾಕಿಸಿಕೊಳ್ಳುವುದೇ?” ಎಂದು ನಕ್ಕರು.

ಆ ನಗುವಿಗೆ ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಕಡಲಿನ ಡಾಲ್ಫಿನ್, ಪೋರ್ಪಾಯ್ಸ್, ತಿಮಿಂಗಿಲ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಸರಿಯೇ. ಆದರೆ ಅದೇ ಕಾಯ್ದೆಯ ಹೆದರಿಕೆಯಿಂದ, ಬಲೆಗೆ ಬಿದ್ದು ಸತ್ತದ್ದು ಸದ್ದಿಲ್ಲದೆ ಕಡಲಿಗೆ ಹೋಗುತ್ತದೆ. ಬೇಟೆಗಾರನಿಗೂ ಬಲೆಗೆ ಆಕಸ್ಮಿಕವಾಗಿ ಬಿದ್ದದ್ದನ್ನು ಬಂದು ಹೇಳುವವನಿಗೂ ಒಂದೇ ಭಯ ಹುಟ್ಟಿಸುವುದು ಬುದ್ಧಿವಂತಿಕೆಯಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಹಾರಾಷ್ಟ್ರದಲ್ಲಿ 2018ರ ಕೊನೆಯಲ್ಲಿ ಒಂದು ಯೋಜನೆ ತಂದರು: ಬಲೆಗೆ ಬಿದ್ದ ಸಂರಕ್ಷಿತ ಜೀವಿಯನ್ನು ಬಲೆ ಕತ್ತರಿಸಿ ಬಿಟ್ಟು, ಫೋಟೊ ಅಥವಾ ವಿಡಿಯೊ ತೋರಿಸಿದರೆ ಬಲೆಯ ನಷ್ಟಕ್ಕೆ 25,000 ರೂಪಾಯಿಯವರೆಗೆ ಪರಿಹಾರ. ಆ ಹಿರಿಯರ ಲೆಕ್ಕಕ್ಕೆ ಲೆಕ್ಕದಲ್ಲೇ ಕೊಟ್ಟ ಉತ್ತರ ಅದು.

ಇನ್ನು ಹಲ್ಲು, ಹೊಟ್ಟೆ. ಹಲ್ಲನ್ನು ತೆಳುವಾಗಿ ಸೀಳಿದರೆ ಮರದ ಕಾಂಡದಲ್ಲಿರುವಂತೆ ಪದರಗಳು ಕಾಣುತ್ತವೆ, ಎಣಿಸಿದರೆ ವಯಸ್ಸು. ಹೊಟ್ಟೆಯಲ್ಲಿ ಮೀನು ಕರಗಿದರೂ ಮೀನಿನ ತಲೆಯೊಳಗಿನ ಪುಟ್ಟ ಕಲ್ಲುಗಳು, ಬೊಂಡಾಸದ (ಸ್ಕ್ವಿಡ್) ಕೊಕ್ಕು ಉಳಿದಿರುತ್ತವೆ. ಏನು ತಿಂದಿತ್ತು ಎಂಬುದು ಅವುಗಳಿಂದ ಗೊತ್ತಾಗುತ್ತದೆ. ಚರ್ಮದಡಿಯ ಕೊಬ್ಬಿನಲ್ಲಿ ಡಿಡಿಟಿಯಂಥ ವಿಷ ಕೂಡಿರುತ್ತದೆ. ತಾಯಿ ಅದರಲ್ಲಿ ದೊಡ್ಡ ಪಾಲನ್ನು ಹಾಲಿನ ಜೊತೆ ಚೊಚ್ಚಲ ಮರಿಗೆ ದಾಟಿಸುತ್ತದೆ.

ಇದೆಲ್ಲಕ್ಕೂ ಬೆಲೆ ಬರುವುದು ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂಬ ಚೀಟಿ ಸರಿಯಿದ್ದಾಗ ಮಾತ್ರ. ಇದೇ ಫಿನ್‌ಲೆಸ್ ಪೋರ್ಪಾಯ್ಸ್‌ಗೆ 1829ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಕ್ಯುವಿಯೆ ಹೆಸರಿಟ್ಟಾಗ, ಕೈಗೆ ಬಂದ ಮಾದರಿ ಆಫ್ರಿಕಾದ ಕೇಪ್ ಆಫ್ ಗುಡ್ ಹೋಪ್‌ನದು ಎಂದು ದಾಖಲಾಯಿತು. ಆ ಕಡಲಲ್ಲಿ ಈ ಪ್ರಾಣಿಯೇ ಇಲ್ಲ! ಮಲಬಾರ್ ಕರಾವಳಿಯದ್ದೇ ಇರಬೇಕೆಂದು ವಿದ್ವಾಂಸರು ತೀರ್ಮಾನಿಸಿದ್ದು ಎಷ್ಟೋ ಕಾಲದ ಮೇಲೆ. ಹುಟ್ಟಿದ ಊರೇ ತಪ್ಪಾಗಿರುವ ಜನನ ಪತ್ರ.

ಇನ್ನೊಂದು ಕಥೆಯನ್ನು ಇಲ್ಲಿ ಹೇಳದಿರಲಾರೆ. 1824ರಲ್ಲಿ ಕಿತ್ತೂರಿನಲ್ಲಿ ಸೆರೆ ಸಿಕ್ಕಿದ್ದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಶಾಲೆಯ ಪಾಠದಿಂದ ನಿಮಗೆ ನೆನಪಿರಬಹುದು. ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿದವನೂ ಅವನೇ. ಅದೇ ಮನುಷ್ಯ ಪೂರ್ವ ಕರಾವಳಿಯಲ್ಲಿದ್ದಾಗ ಡಾಲ್ಫಿನ್, ತಿಮಿಂಗಿಲಗಳ ಮಾದರಿಗಳನ್ನೂ ಕೂಡಿಹಾಕಿದ. 1852ರಲ್ಲಿ ವಿಶಾಖಪಟ್ಟಣದಲ್ಲಿ ಸಿಕ್ಕ ಒಂದು ಡಾಲ್ಫಿನ್ನನ್ನು ಆಧರಿಸಿ 1866ರಲ್ಲಿ ಲಂಡನ್ನಿನ ರಿಚರ್ಡ್ ಓವನ್ ವಿವರಿಸಿದ ಜಾತಿಯೇ ಇಂದು ಚಿಲಿಕಾ ಸರೋವರದಲ್ಲಿ ಜನ ದೋಣಿಯೇರಿ ನೋಡಲು ಹೋಗುವ ಇರಾವಡ್ಡಿ ಡಾಲ್ಫಿನ್.

ಹೆಣಗಳಿಂದ ಬಂದ ತಿಳಿವಳಿಕೆಯೆಲ್ಲ ಶುದ್ಧವಾದ ದಾರಿಯಿಂದ ಬಂದದ್ದಲ್ಲ ಎಂಬುದನ್ನೂ ಒಪ್ಪುತ್ತೇನೆ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಅರಬ್ಬಿ ಸಮುದ್ರದಲ್ಲಿ ಗುಟ್ಟಾಗಿ 242 ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದವು. ಹಡಗಿನಲ್ಲಿದ್ದ ವಿಜ್ಞಾನಿ ಯೂರಿ ಮಿಖಾಲೆವ್ ಬರೆದಿಟ್ಟ ವಿವರ ಹೊರಬಿದ್ದದ್ದು 1997ರಲ್ಲಿ. ಹೊಟ್ಟೆಯ ತುಂಬ ಆಹಾರ, ಗರ್ಭದಲ್ಲಿನ ಮರಿಗಳ ಗಾತ್ರ ಉತ್ತರಾರ್ಧ ಗೋಳದ ಋತುವಿಗೆ ಹೊಂದುವಂಥದ್ದು. ಬೇರೆ ಹಂಪ್‌ಬ್ಯಾಕ್‌ಗಳಂತೆ ಇವು ಧ್ರುವದ ಕಡೆ ವಲಸೆ ಹೋಗುವುದಿಲ್ಲ, ಉಣ್ಣುವುದೂ ಹೆರುವುದೂ ಇದೇ ಕಡಲಲ್ಲಿ ಎಂಬುದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ಹಾಗೆ. ಈಗ ಒಮಾನಿನ ಬಳಿ ಉಳಿದಿರುವುದು ನೂರಕ್ಕೂ ಕಡಿಮೆ ಎಂದು ಅಂದಾಜು. ಅವುಗಳಲ್ಲಿ ಒಂದು ಹೆಣ್ಣಿಗೆ 2017ರಲ್ಲಿ ಉಪಗ್ರಹ ಟ್ಯಾಗ್ ಹಾಕಿದರು. ಲುಬಾನ್ ಎಂದು ಹೆಸರು, ಅಂದರೆ ನಮ್ಮ ಲೋಬಾನವೇ. ಅದು ಕಡಲು ದಾಟಿ ಗೋವಾದ ಆಚೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಭಾರತದ ತುದಿಯತ್ತ ಸಾಗಿತು. ನಮ್ಮ ಕರಾವಳಿಯ ಎದುರಿನ ಕಡಲಲ್ಲಿ ಹಾದುಹೋದಾಗ ನಾವು ಯಾರೂ ತಿರುಗಿ ನೋಡಲಿಲ್ಲ.

ನಿಮ್ಮ ಪ್ರಶ್ನೆಯ ಉಳಿದರ್ಧಕ್ಕೆ ಬರುತ್ತೇನೆ. ಎಷ್ಟು ಸಾಯುತ್ತಿವೆ, ಎಲ್ಲಿ, ಯಾವ ಬಲೆಗೆ ಎಂದು ತಿಳಿಯದೆ ಉಳಿಸುವುದು ಹೇಗೆ? ದಂಡೆಗೆ ಬರುವುದು ಸತ್ತದ್ದರ ಚೂರು ಪಾಲು ಮಾತ್ರ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ಸೋರಿದ ನಂತರ ಸಂಶೋಧಕರು ಹಿಂದಿನ ಲೆಕ್ಕಗಳನ್ನು ತೆಗೆದು ನೋಡಿದಾಗ, ಅಲ್ಲಿ ಸತ್ತ ಡಾಲ್ಫಿನ್, ತಿಮಿಂಗಿಲಗಳಲ್ಲಿ ಸರಾಸರಿ ಶೇಕಡಾ 2ರಷ್ಟರ ಕಳೇಬರ ಮಾತ್ರ ಸಿಗುತ್ತದೆ ಎಂದು ಕಂಡಿತು. ನಮ್ಮ ಕಡಲಿಗೆ ಆ ಅಂಕಿಯನ್ನು ಹಾಗೆಯೇ ಅಂಟಿಸಲಾಗದು. ಆದರೂ ನೀವು ಕಂಡ ಒಂದರ ಹಿಂದೆ ನೀವು ಕಾಣದ ಹಲವು ಇದ್ದವು ಎನ್ನಲು ಅಡ್ಡಿಯಿಲ್ಲ.

ಮುಂದಿನ ಸಲ ಕಂಡರೆ ಹೀಗೆ ಮಾಡಿ. ಜೀವವಿದ್ದರೆ ಬಾಲ ಹಿಡಿದು ಎಳೆಯಬೇಡಿ, ತಲೆಯ ಮೇಲಿನ ಉಸಿರುರಂಧ್ರಕ್ಕೆ ನೀರು, ಮರಳು ಹೋಗದಂತೆ ನೋಡಿ, ಮೈಮೇಲೆ ಒದ್ದೆ ಬಟ್ಟೆ ಹಾಕಿ ನೆರಳು ಮಾಡಿ, ಜನರನ್ನು ದೂರ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಪರೀಕ್ಷಿಸುವವರು ಬರುವ ಮೊದಲೇ ನೀರಿಗೆ ತಳ್ಳುವ ಆತುರ ಬೇಡ. ಕಾಯಿಲೆಯಿಂದ ಬಂದದ್ದಾದರೆ ಮತ್ತೆ ದಡಕ್ಕೇ ಬರುತ್ತದೆ. ಸತ್ತಿದ್ದರೆ ಇಡೀ ಮೈಯ ಒಂದು ಪಕ್ಕದ ಫೋಟೊ, ಬೆನ್ನು, ಬಾಯಿ, ಬಾಲದ್ದು ಒಂದೊಂದು, ಅಳತೆಗೆ ಪಕ್ಕದಲ್ಲಿ ನಿಮ್ಮ ಚಪ್ಪಲಿ. ದಿನಾಂಕ, ಜಾಗ ಬರೆದಿಡಿ. ಹಲ್ಲನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬೇಡಿ, ಅದು ಅಪರಾಧ. ನಮಗೆ ವಯಸ್ಸು ಎಣಿಸಲು ಬೇಕಾದದ್ದೂ ಅದೇ.