ಕ್ರಿಸ್‌ಮಸ್ ಹೊತ್ತಿಗೆ ಸಿಂಕು ಕಟ್ಟಿಕೊಂಡರೆ ಡ್ರೈನ್ ಪುಡಿ ಸುರಿಯಬಹುದೇ?

ನಾಲ್ಕು ದಿನದಲ್ಲಿ ಹದಿನಾರು ಮಂದಿ ನೆಂಟರು ಕ್ರಿಸ್‌ಮಸ್‌ಗೆ ಬರುವವರಿದ್ದಾರೆ, ಅಡುಗೆಮನೆಯ ಸಿಂಕಿನಲ್ಲಿ ನೀರು ಇಳಿಯುತ್ತಿಲ್ಲ, ಪಕ್ಕದ ಬಚ್ಚಲಿನಲ್ಲಿ ಗುಳುಗುಳು ಸದ್ದು ಬರುತ್ತಿದೆ, ಒಂದು ಪೊಟ್ಟಣ ಡ್ರೈನ್ ಪುಡಿ ಹಾಕಿಯಾಗಿದೆ, ಇನ್ನೊಂದನ್ನು ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಇಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ನಿಂತ ನೀರಿನಲ್ಲಿ ಅದು ಬಿಸಿಯೇರುತ್ತದೆ, ಜಿಡ್ಡಿನೊಂದಿಗೆ ಬೆರೆತು ಸಾಬೂನಿನಂತೆ ಗಟ್ಟಿಯಾಗಲೂಬಹುದು. ಅದರ ಮೇಲೆ ಆಸಿಡ್ಡನ್ನಂತೂ ಎಂದಿಗೂ ಸುರಿಯಬೇಡಿ.

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯಲ್ಲಿ ಇದೇ ತೊಂದರೆ ಎರಡು ಸಲ ಬಂದಿತ್ತು, ಎರಡೂ ಸಲ ಕ್ರಿಸ್‌ಮಸ್ ವಾರದಲ್ಲಿಯೇ. ಕಾರಣ ನಮ್ಮ ಅಡುಗೆಯಲ್ಲೇ ಇತ್ತು. ದೊದೊಲ್ ಎಂಬ ತೆಂಗಿನ ಹಾಲಿನ ಕ್ರಿಸ್‌ಮಸ್ ಸಿಹಿಯನ್ನು ಕಾಯಿಸಿದ ಬಾಣಲೆಯನ್ನು ತೊಳೆದಾಗ ತೆಂಗಿನ ಹಾಲಿನಿಂದ ಬಿಟ್ಟ ಎಣ್ಣೆಯೂ, ಹಂದಿಮಾಂಸದ ಪಾತ್ರೆಗಳ ಕೊಬ್ಬೂ, ಸನ್ನಾ ಎಂಬ ಇಡ್ಲಿಯಂಥ ತಿಂಡಿಯ ಹಿಟ್ಟಿನ ಗಸಿಯೂ ಒಂದೇ ಪೈಪಿಗೆ ಇಳಿಯುತ್ತವೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ತಲೆಗೆ ಹಚ್ಚುವ ಎಣ್ಣೆ ಬಾಟಲಿಯೊಳಗೆ ಬೆಣ್ಣೆಯಂತೆ ಕುಳಿತಿರುವುದನ್ನು ನೀವೂ ಕಂಡಿರುತ್ತೀರಿ; ಪೈಪಿನೊಳಗೆ ಆಗುವುದೂ ಅದೇ.

ಆದರೆ ಕಟ್ಟಿರುವುದು ಎಲ್ಲಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಸಿಂಕು ಮಾತ್ರ ನಿಂತಿದ್ದರೆ ಅದರ ಕೆಳಗಿನ ಬಾಟಲ್ ಟ್ರ್ಯಾಪನ್ನು (ವಾಸನೆ ಮೇಲೆ ಬಾರದಂತೆ ನೀರು ಹಿಡಿದಿಡುವ ಬಾಟಲಿಯಂಥ ಭಾಗ) ಬಿಚ್ಚಿ ತೊಳೆದರೆ ಬಹುಮಟ್ಟಿಗೆ ಸರಿಹೋಗುತ್ತದೆ. ನಿಮ್ಮಲ್ಲಿ ಬಚ್ಚಲೂ ಸದ್ದು ಮಾಡುತ್ತಿರುವುದರಿಂದ, ಎರಡೂ ಪೈಪುಗಳು ಕೂಡುವ ಜಾಗದಿಂದ ಮುಂದೆ ಎಲ್ಲೋ ಕಟ್ಟಿರಬೇಕೆಂದು ನನ್ನ ಅನುಮಾನ. ಮನೆಯ ಪೈಪುಗಳು ಬಂದು ಸೇರುವ ಹೊರಗಿನ ಗುಂಡಿಯ, ಅಂದರೆ ಚೇಂಬರಿನ, ಮುಚ್ಚಳ ತೆಗೆದು ನೋಡಿ. ಚೇಂಬರ್ ತುಂಬಿ ನಿಂತಿದ್ದರೆ ಅಡಚಣೆ ಅದರಾಚೆಗಿದೆ. ಖಾಲಿಯಿದ್ದರೆ ಮನೆಗೂ ಚೇಂಬರಿಗೂ ನಡುವೆ ಇದೆ. ಈ ಒಂದು ವಿಷಯವನ್ನು ಪ್ಲಂಬರಿಗೆ ಫೋನಿನಲ್ಲಿಯೇ ತಿಳಿಸಿದರೆ ಅವರು ಸರಿಯಾದ ಸರಳನ್ನೋ ಸ್ಪ್ರಿಂಗನ್ನೋ ಹಿಡಿದು ಬರುತ್ತಾರೆ. ಒಳಗೆ ಕಾಸ್ಟಿಕ್ ನೀರು ಇದೆಯೆಂಬುದನ್ನೂ ಹೇಳಲು ಮರೆಯಬೇಡಿ, ಏಕೆಂದರೆ ಪೈಪು ಬಿಚ್ಚುವಾಗ ಕಣ್ಣಿಗೆ ಹಾರುವುದು ಅವರಿಗೆ. ಕುದಿಯುವ ನೀರನ್ನೂ ಸುರಿಯಬಾರದು, ಪಿವಿಸಿ ಪೈಪು ಅದಕ್ಕೆ ಮೆತ್ತಗಾಗುತ್ತದೆ.

ನಮ್ಮ ಮನೆಯಲ್ಲಿ ಎರಡನೆಯ ಸಲ ಚೇಂಬರ್ ತುಂಬಿಯೇ ಇತ್ತು. ಅಂಗಳ ಅಗೆದು ನೋಡಿದಾಗ, ಮಣ್ಣಿನ ಹಳೆಯ ಪೈಪಿನ ಜೋಡಣೆಯ ಬಿರುಕಿನೊಳಗೆ ತೆಂಗಿನ ಬೇರು ಕುಚ್ಚಿನಂತೆ ಬೆಳೆದು ಜಿಡ್ಡನ್ನೆಲ್ಲ ಹಿಡಿದಿಟ್ಟಿತ್ತು. ಅಜ್ಜಿಯ ಕಾಲದಲ್ಲಿ ಅಡುಗೆಮನೆಯ ನೀರು ತೆರೆದ ಕಾಲುವೆಯಲ್ಲಿ ಹರಿದು ಅದೇ ಮರದ ಬುಡ ಸೇರುತ್ತಿತ್ತು. ನಾವು ಪೈಪು ಹಾಕಿ ತಪ್ಪಿಸಿದ್ದನ್ನು ಮರ ತಾನೇ ಹುಡುಕಿಕೊಂಡು ಬಂದಿತ್ತು. ಅಷ್ಟು ಉದ್ದದ ಪೈಪನ್ನು ಪೂರ್ತಿ ಬದಲಿಸಬೇಕಾಯಿತು.

ನೆಂಟರು ಬರುವ ಮೊದಲು ಇನ್ನೆರಡು ಕೆಲಸಗಳಿವೆ. ಬಹುದಿನ ಮುಚ್ಚಿಟ್ಟ ಕೋಣೆಯ ಬಚ್ಚಲಿನಲ್ಲಿ ನಹಾನಿ ಟ್ರ್ಯಾಪಿನ (ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಬಟ್ಟಲು) ನೀರು ಆರಿ ವಾಸನೆಯೂ ಜಿರಳೆಯೂ ಮೇಲೆ ಬರುತ್ತವೆ. ಒಂದು ಬಕೆಟ್ ನೀರು ಹೊಯ್ದರೆ ಸಾಕು. ಸೆಪ್ಟಿಕ್ ಟ್ಯಾಂಕನ್ನು ಮೂರು ವರ್ಷಗಳಿಂದ ತೆಗೆಸಿಲ್ಲವಾದರೆ ಮಲವನ್ನು ಹೀರಿಕೊಂಡು ಹೋಗುವ ಸಕ್ಕಿಂಗ್ ಗಾಡಿಗೆ ಇಂದೇ ಹೇಳಿಡಿ, ಆದರೆ ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ವಿಷಾನಿಲ ಜೀವ ತೆಗೆಯುತ್ತದೆ, ಕೈಯಿಂದ ಮಲ ಬಾಚುವ ಕೆಲಸವನ್ನು ತಡೆಯುವ 2013ರ ಕಾಯ್ದೆ ಹಾಗೆ ಇಳಿಸುವುದನ್ನು ನಿಷೇಧಿಸಿಯೂ ಇದೆ.

ಈಗ ನಮ್ಮಲ್ಲಿ ದೊದೊಲಿನ ಬಾಣಲೆ ಸಿಂಕಿಗೆ ಹೋಗುವ ಮೊದಲು ಅದನ್ನು ಹಳೆಯ ಪತ್ರಿಕೆಯಿಂದ ಎರಡು ಸಲ ಒರೆಸುತ್ತೇವೆ. ಆ ಕಾಗದ ಬಚ್ಚಲ ಒಲೆಗೆ ಹೋಗುತ್ತದೆ, ಚೆನ್ನಾಗಿಯೇ ಉರಿಯುತ್ತದೆ.