ಖಾಲಿ ಜಾಗ ಸೊನ್ನೆಯಲ್ಲ

ಪ್ರಶ್ನೆ: ನಮ್ಮ ಟೇಬಲ್‌ನಲ್ಲಿ ಐದು ವಿದ್ಯಾರ್ಥಿಗಳಿದ್ದಾರೆ. ಅಂಕಗಳ ಒಟ್ಟು ಮೊತ್ತ 240. ಸರಾಸರಿ 48 ಬರಬೇಕು ಅಲ್ವಾ? ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ (SQL) ಸರಾಸರಿ ತೆಗೆಯುವ ಎವಿಜಿ (AVG) ಹಾಕಿದರೆ 60 ಬರುತ್ತದೆ. ಸರಾಸರಿ 50 ದಾಟಿದ ವಿಭಾಗಗಳನ್ನು ಹುಡುಕಲು ಸಾಲುಗಳನ್ನು ಸೋಸುವ ವೇರ್‌ನಲ್ಲಿ (WHERE) ಎವಿಜಿ ಬರೆದರೆ ಎರರ್. ಏನು ಮಾಡಲಿ?

ಉತ್ತರ: ಡೇಟಾಬೇಸ್ ಮೇಲೆ ಸಿಟ್ಟಾಗಬೇಡಿ. 240ನ್ನು ನಾಲ್ಕರಿಂದ ಭಾಗಿಸಿ, 60 ಬರುತ್ತದೆ. ಅಂದರೆ ಐವರಲ್ಲಿ ಒಬ್ಬರ ಅಂಕದ ಜಾಗ ಖಾಲಿ ಇದೆ, ಅಲ್ಲಿ ನಲ್ (NULL), ಅಂದರೆ ‘ಇಲ್ಲಿ ಏನೂ ಬರೆದಿಲ್ಲ’ ಎಂಬ ಗುರುತು, ಕೂತಿದೆ. ಎವಿಜಿ, ಸಮ್, ಮ್ಯಾಕ್ಸ್, ಮಿನ್ ಎಲ್ಲವೂ ನಲ್‌ ಅನ್ನು ಕಂಡೂ ಕಾಣದ ಹಾಗೆ ದಾಟಿ ಹೋಗುತ್ತವೆ. ಬೇಕಿದ್ದರೆ ಕೌಂಟ್ ಹಾಕಿ ನೋಡಿ. ಆವರಣದೊಳಗೆ ನಕ್ಷತ್ರ ಚಿಹ್ನೆ ಇಟ್ಟರೆ ಸಾಲುಗಳನ್ನು ಎಣಿಸಿ 5 ಅನ್ನುತ್ತದೆ. ಅಂಕದ ಕಾಲಂ ಹೆಸರು ಇಟ್ಟರೆ 4.

ಈಗ ನಿಜವಾದ ಪ್ರಶ್ನೆ: ಆ ಐದನೆಯವರು ಪರೀಕ್ಷೆಗೇ ಬಂದಿಲ್ಲವೋ, ಬರೆದು ಸೊನ್ನೆ ತೆಗೆದರೋ? ಅದನ್ನು ಕಂಪ್ಯೂಟರ್ ಹೇಳುವುದಿಲ್ಲ, ನೀವೇ ಹೇಳಬೇಕು. ಗೈರುಹಾಜರಿಗೆ ಸೊನ್ನೆ ಅನ್ನುವುದು ನಿಮ್ಮ ನಿಯಮವಾದರೆ, ಎವಿಜಿಯ ಒಳಗೆ ಅಂಕವನ್ನು ಕೊಅಲೆಸ್‌ನಲ್ಲಿ (COALESCE) ಸುತ್ತಿ, ನಲ್ ಬದಲು 0 ಬರಲಿ ಎಂದು ಬರೆಯಿರಿ. ಸರಾಸರಿ 48 ಆಗುತ್ತದೆ. ಸುಮ್ನೆ ಎಲ್ಲ ಕಡೆ ಕೊಅಲೆಸ್ ಹಾಕುವ ಅಭ್ಯಾಸ ಮಾತ್ರ ನನಗೆ ಹಿಡಿಸುವುದಿಲ್ಲ. ಗೊತ್ತಿಲ್ಲದ್ದನ್ನು ಸೊನ್ನೆ ಎಂದು ಬರೆದುಕೊಂಡ ಹಾಗಾಗುತ್ತದೆ. ನಾನಾದರೆ ಸರಾಸರಿಯ ಪಕ್ಕದಲ್ಲೇ ಎರಡೂ ಕೌಂಟ್ ತೋರಿಸುತ್ತೇನೆ. 5 ಮತ್ತು 4 ಅಕ್ಕಪಕ್ಕ ಕಂಡರೆ ಓದುವವರಿಗೇ ಅನುಮಾನ ಬರುತ್ತದೆ.

ಖಾಲಿ ಸಾಲುಗಳನ್ನು ಹುಡುಕಲು ‘ಈಸ್ ನಲ್’ ಎಂದೇ ಬರೆಯಿರಿ. ಸಮ ಚಿಹ್ನೆ ಹಾಕಿ ಹೋಲಿಸಿದರೆ ಒಂದು ಸಾಲೂ ಸಿಗುವುದಿಲ್ಲ, ಎರರೂ ಬರುವುದಿಲ್ಲ. ಎಷ್ಟೋ ಜನ ಇಲ್ಲೇ ತಲೆ ಕೆಡಿಸಿಕೊಳ್ಳುತ್ತಾರೆ.

ಎರಡನೆಯದು ಸುಲಭ. ವೇರ್ ಕೆಲಸ ಮಾಡುವುದು ಗುಂಪು ಕಟ್ಟುವ ಮೊದಲು, ಒಂದೊಂದೇ ಸಾಲಿನ ಮೇಲೆ. ಆ ಹೊತ್ತಿಗೆ ಸರಾಸರಿಯೇ ಹುಟ್ಟಿರುವುದಿಲ್ಲ. ವಿಭಾಗದ ಮೇಲೆ ಗುಂಪು ಕಟ್ಟುವ ಗ್ರೂಪ್ ಬೈ (GROUP BY) ಹಾಕಿ, ಅದರ ನಂತರ ಗುಂಪುಗಳನ್ನು ಸೋಸುವ ಹ್ಯಾವಿಂಗ್ (HAVING) ಬರೆದು ‘ಎವಿಜಿ 50ಕ್ಕಿಂತ ಜಾಸ್ತಿ’ ಎಂಬ ಷರತ್ತು ಇಡಿ. ‘ಈ ವರ್ಷದ ಪರೀಕ್ಷೆ ಮಾತ್ರ’ ಎಂಬಂಥ ಷರತ್ತು ವೇರ್‌ನಲ್ಲೇ ಇರಲಿ. ಬೇಡದ ಸಾಲುಗಳನ್ನು ಮೊದಲೇ ಬಿಟ್ಟರೆ ಗುಂಪು ಕಟ್ಟುವ ಕೆಲಸವೂ ಕಡಿಮೆ.

ಒಂದು ವಿಭಾಗದಲ್ಲಿ ಎಲ್ಲರ ಅಂಕವೂ ಖಾಲಿ ಇದ್ದರೆ ಅದರ ಸರಾಸರಿಯೂ ನಲ್. ಆ ವಿಭಾಗ ಹ್ಯಾವಿಂಗ್ ದಾಟುವುದಿಲ್ಲ, ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ.